ಅವರೆಕಾಳಿನ ಮುಂದೆ ಕೂತು ಆಡಿದ ಜಗಳಗಳು

ಮೊನ್ನೆ ಪ್ರೆಸ್ಸಿನಲ್ಲಿ ಕೂತು ಯಾರದೋ ಅಭಿನಂದನ ಗ್ರಂಥದ ಕರಡು ತಿದ್ದುತ್ತಿದ್ದೆ. ಮುನ್ನೂರು ಪುಟ ಬರೀ ಹೊಗಳಿಕೆ. ಅರ್ಧ ದಾರಿಯಲ್ಲಿ ಕಣ್ಣು ಸೋತು, ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಎದುರು ಟೇಬಲಿನ ಡಿ.ಟಿ.ಪಿ. ಹುಡುಗಿ ನೋಡಿಯೇ ಬಿಟ್ಟಳು.

"ಏನ್ ಮೇಡಂ, ಬೆರಳು ಮೂಸ್ಕೊಂಡು ಒಬ್ರೇ ನಗ್ತಿದೀರ?"

"ಅವರೆಕಾಳು ಕಣಮ್ಮ," ಅಂದೆ.

"ಓ, ಸೊಗಡು," ಎಂದು ಅವಳು ತನ್ನ ಕೆಲಸಕ್ಕೆ ಹೋದಳು. ಬೆಂಗಳೂರಿನವಳಲ್ಲವೇ, ಅಷ್ಟಕ್ಕೇ ಅರ್ಥವಾಯಿತು. ಆದರೆ ನಾನು ನಕ್ಕದ್ದು ಸೊಗಡಿಗಲ್ಲ. ಆ ವಾಸನೆ ಬಂದರೆ ಸಾಕು, ಗಂಡನ ಜೊತೆ ಆಡಿದ ಜಗಳಗಳೆಲ್ಲ ಸಾಲಾಗಿ ನೆನಪಾಗುತ್ತವೆ. ಬೇರೆ ಹೆಂಗಸರಿಗೆ ಮಲ್ಲಿಗೆಯ ವಾಸನೆಗೆ ಗಂಡನ ನೆನಪಾಗುತ್ತದಂತೆ. ನನ್ನ ಹಣೆಬರಹ ಅವರೆಕಾಳು.

ಹಿತಕಿದ ಬೇಳೆ ಗೊತ್ತಿಲ್ಲದ ಪುಣ್ಯಾತ್ಮರು ಯಾರಾದರೂ ಇದ್ದರೆ ಅವರಿಗಾಗಿ ಹೇಳುತ್ತೇನೆ. ಅವರೆಕಾಯಿ ಸುಲಿದು, ಕಾಳನ್ನು ನೀರಲ್ಲಿ ಚೆನ್ನಾಗಿ ನೆನೆಹಾಕಿ, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಬೇಕು. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಇಲ್ಲವೇ ಎದುರಿಗೆ ಕೂತವರ ಕಣ್ಣಿಗೆ. ಎರಡು ಸೇರು ಕಾಳು ಹಿತುಕಲು ಇಬ್ಬರಿಗೆ ಒಂದೂವರೆ ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಕೈ ಒದ್ದೆ. ಫೋನ್ ಮುಟ್ಟುವಂತಿಲ್ಲ, ಎದ್ದು ಹೋಗಿ ಬಾಗಿಲು ದಢಾರನೆ ಹಾಕಿಕೊಳ್ಳುವಂತಿಲ್ಲ, ಬೆರಳು ತೋರಿಸಿ ಬೈಯುವಂತಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು. ಬಣ್ಣ, ದೇವರು, ಓಟು, ಈ ಮೂರರ ಮಾತೆತ್ತಬೇಕಾದರೆ ಮುಂದೆ ಕಾಳಿನ ಪಾತ್ರೆ ಇರಬೇಕು. ಪಾತ್ರೆ ಖಾಲಿಯಾಗುವ ತನಕ ಯಾರೂ ಏಳಬಾರದು. ಅವರೆಯ ಕಾಲ ಮುಗಿದ ಮೇಲೆ ಏನು ಮಾಡುತ್ತೀರಿ ಅಂತ ಕೇಳಬೇಡಿ. ಬೇಸಿಗೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತೇವೆ. ಅದು ಇನ್ನೂ ನಿಧಾನ.

ಗಂಡನ ಪರಿಚಯ ಮಾಡಿಸದೆ ಜಗಳಕ್ಕೇ ಹೋಗಿಬಿಟ್ಟೆ ನೋಡಿ. ಅವನ ಹೆಸರು ಕ್ವಾಮೆ. ಘಾನಾ ದೇಶದ ಕುಮಾಸಿ ಊರಿನವನು. ಹದಿನೈದು ವರ್ಷದ ಹಿಂದೆ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಬಂದು, ಇಲ್ಲೇ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿ ನಿಂತುಬಿಟ್ಟ. ಆರಡಿ ಎರಡಂಗುಲ, ಕಡು ಕಪ್ಪು, ನಕ್ಕರೆ ಬೀದಿಯ ಕೊನೆಗೆ ಕೇಳಿಸುತ್ತದೆ. ನಾನು ಪದ್ಮಿನಿ, ಮಲ್ಲೇಶ್ವರದ ಐದಡಿಯ ಹುಡುಗಿ. ಹುಡುಗಿ ಅಂದದ್ದನ್ನು ಕ್ಷಮಿಸಿ, ನಲವತ್ತಮೂರು ತುಂಬಿತು. ಅವನ ಕಾಲೇಜಿನ ವಾರ್ಷಿಕ ಸಂಚಿಕೆ ನಮ್ಮ ಪ್ರೆಸ್ಸಿಗೆ ಬಂದಿತ್ತು. ಅವನ ಇಂಗ್ಲಿಷ್ ಲೇಖನದಲ್ಲಿ ಒಂದು ಸಾಲು ಒರಟಾಗಿ ಕಂಡು ನಾನು ತಿದ್ದಿದೆ. ಮಾರನೆಯ ದಿನ ಮೆಟ್ಟಿಲು ಹತ್ತಿ ಬಂದು, "ನನ್ನ ಸಾಲು ಸರಿಯಾಗೇ ಇತ್ತು, ವಾಪಸ್ ಹಾಕಿ," ಅಂದ. ನೋಡಿದರೆ ಸರಿಯಾಗೇ ಇತ್ತು. ವಾಪಸ್ ಹಾಕಿದೆ, ಕಾಫಿ ಕುಡಿಸಿದೆ, ಎರಡು ವರ್ಷದ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ.

ಅವರ ಕಡೆ ಹುಟ್ಟಿದ ವಾರದ ಮೇಲೆ ಹೆಸರಿಡುತ್ತಾರೆ. ಕ್ವಾಮೆ ಅಂದರೆ ಶನಿವಾರ ಹುಟ್ಟಿದವನು. ಇದನ್ನು ನಾನು ಉತ್ಸಾಹದಲ್ಲಿ ಮನೆಯವರಿಗೆ ವಿವರಿಸಿದ್ದು ತಪ್ಪಾಯಿತು. ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ಹೆಡ್‌ಮಿಸ್ಸಾಗಿ ನಿವೃತ್ತರಾದವರು. ನಮ್ಮ ಮನೆತನದಲ್ಲಿ ಅವರ ಮಾತೇ ಕೊನೆ. ಅವರು ಬೆರಳು ಮಡಚಿ ಎಣಿಸಿದರು: "ಜಾತಿ ಬೇರೆ, ಮತ ಬೇರೆ, ದೇಶ ಬೇರೆ, ಬಣ್ಣ ಬೇರೆ. ಹೋಗ್ಲಿ ಅಂದ್ರೆ, ಅದರ ಮೇಲೆ ಶನಿವಾರ ಬೇರೆ!"

"ಶನಿವಾರ ಆಂಜನೇಯನ ವಾರ ಕಣಕ್ಕ," ಅಂದಳು ಅಮ್ಮ. ಅಮ್ಮ ತನ್ನ ಅಕ್ಕನಿಗೆ ಎದುರಾಡಿದ್ದು ಅದೇ ಮೊದಲಂತೆ. ದೊಡ್ಡಮ್ಮ ಮದುವೆಗೆ ಬರಲಿಲ್ಲ. ಆಮೇಲೆ ಒಂಬತ್ತು ವರ್ಷ ಚಾಮರಾಜಪೇಟೆಯ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಅಮ್ಮ ಮಾತ್ರ ಒಂದು ಟ್ರಂಕು, ಒಂದು ಇಡ್ಲಿ ಪಾತ್ರೆ ಹಿಡಿದುಕೊಂಡು ನಮ್ಮ ಜೊತೆಗೇ ಬಂದುಬಿಟ್ಟಳು.

ಮೊದಲ ಜಗಳ ದೇವರದ್ದು. ಕ್ವಾಮೆ ಮೆಥಡಿಸ್ಟ್ ಕ್ರೈಸ್ತ. ಭಾನುವಾರ ಕಂಟೋನ್ಮೆಂಟ್ ಕಡೆಯ ಚರ್ಚಿಗೆ ಹೋಗಿ ಎದೆ ತುಂಬ ಹಾಡಿ ಬರುತ್ತಾನೆ. ದಿನಾ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ. ಅದೇನು ಚಿಕ್ಕದಲ್ಲ. ಬೆಳೆದವರು, ಬೇಯಿಸಿದವರು, ಕುಮಾಸಿಯ ಅಕ್ಕ, ಅಕ್ಕನ ಮಕ್ಕಳು, ನಮ್ಮಮ್ಮನ ಮಂಡಿನೋವು, ಎಲ್ಲವನ್ನೂ ದೇವರಿಗೆ ಜ್ಞಾಪಿಸಿ ಕಣ್ಣು ಬಿಡುವ ಹೊತ್ತಿಗೆ ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿರುತ್ತದೆ. ಅಮ್ಮ ಒಂದು ದಿನ ತಡೆಯದೆ, "ಇವನ ದೇವರು ಆರಿದ ಸಾರನ್ನೇ ಇಷ್ಟಪಡ್ತಾನಾ, ಕೇಳೇ," ಅಂದಳು.

"ಅಮ್ಮ ಏನಂದ್ರು?" ಅಂತ ಅವನು ಇಂಗ್ಲಿಷಿನಲ್ಲಿ ಕೇಳಿದ.

"ನಿನ್ನ ಪ್ರಾರ್ಥನೆ ತುಂಬಾ ಚೆನ್ನಾಗಿದೆ ಅಂದ್ರು," ಅಂದೆ.

ಅವನು ಸಂತೋಷಪಟ್ಟು ಮಾರನೆಯ ದಿನದಿಂದ ಇನ್ನೆರಡು ವಾಕ್ಯ ಸೇರಿಸಿದ. ನನ್ನ ದೇವರ ವಿಷಯವೇ ಬೇರೆ. ಪರೀಕ್ಷೆಯ ದಿನ ಗಣಪತಿ, ಕಾಯಿಲೆ ಬಂದಾಗ ಮುಡಿಪು, ಉಳಿದಂತೆ ಅವನ ಪಾಡಿಗೆ ಅವನು, ನನ್ನ ಪಾಡಿಗೆ ನಾನು. ಇದು ಅವನಿಗೆ ದೊಡ್ಡ ಆಘಾತ.

"ನಂಬಿಕೆ ಇಲ್ಲದೆ ತೆಂಗಿನಕಾಯಿ ಒಡೀತೀಯಲ್ಲ, ಯಾಕೆ?"

"ಒಡೆಯೋಕೆ ನಂಬಿಕೆ ಯಾಕೆ ಬೇಕು? ಹೇಗೂ ಚಟ್ನಿ ಆಗತ್ತಲ್ಲ."

"ನಂಬದೆ ಕೈ ಮುಗಿಯೋದು ಸುಳ್ಳು."

"ನಂಬಿ ಕೈ ಮುಗಿದು, ಹೊರಗೆ ಬಂದು ಪಕ್ಕದೋರನ್ನ ಬೈಯೋದು ನಿಜಾನಾ?"

ಆವತ್ತು ಅಡುಗೆಮನೆಯ ನೆಲದ ಮೇಲೆ ಅವರೆಕಾಳು ಮುಂದಿತ್ತು. ಇಬ್ಬರಿಗೂ ಸಿಟ್ಟು ಬಂದಿತ್ತು. ಏಳೋಣವೆಂದರೆ ಅಮ್ಮ, "ಮುಗಿಸಿ ಏಳಿ, ನನ್ನ ಕೈಲಿ ಆಗಲ್ಲ," ಎಂದಳು. ಮುಗಿಸುವ ಹೊತ್ತಿಗೆ ಅವನು ತನ್ನ ಅಜ್ಜಿಯ ಕಥೆಗೆ ಇಳಿದಿದ್ದ. ಆ ಅಜ್ಜಿ ಭಾನುವಾರ ಚರ್ಚಿಗೆ ಹೋಗಿ, ಸೋಮವಾರ ಮೊಮ್ಮಕ್ಕಳಿಗೆ ದೃಷ್ಟಿ ತಾಗದಂತೆ ಏನೇನೋ ಮಾಡಿ, ಪಾದ್ರಿಯ ಕೈಲಿ ಬೈಸಿಕೊಳ್ಳುತ್ತಿದ್ದರಂತೆ. ನಾನು ನಕ್ಕೆ, ಅವನೂ ನಕ್ಕ. ಕಟ್ಟಳೆ ಹುಟ್ಟಿದ್ದು ಆವತ್ತು.

ಓಟಿನ ಜಗಳ ನುಗ್ಗೆಸೊಪ್ಪಿನ ಮುಂದೆ ಆಯಿತು. ಚುನಾವಣೆಯ ದಿನ ರಜಾ ಸಿಕ್ಕಿತೆಂದು ನಾನು ಹತ್ತು ಗಂಟೆಯವರೆಗೆ ಮಲಗಿ, ಬಿಸಿಲು ಜಾಸ್ತಿ ಎಂದು ಮಧ್ಯಾಹ್ನವೂ ಮಲಗಿ, ಸಂಜೆ ಎದ್ದು ಮುಖ ತೊಳೆದುಕೊಂಡೆ. ಅವನಿಗೆ ಇಲ್ಲಿ ಓಟಿಲ್ಲ. ಊರಲ್ಲಿ ಇದೆ, ಆದರೆ ಅಲ್ಲಿಗೆ ಹೋಗುವವರಾರು? "ನಮ್ಮಕ್ಕ ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ಟೂಲ್ ಹಿಡ್ಕೊಂಡು ಹೋಗಿ ಸಾಲಲ್ಲಿ ಕೂರ್ತಾಳೆ. ನಿನ್ನ ಮತಗಟ್ಟೆ ಮುಂದಿನ ಕ್ರಾಸಲ್ಲಿದೆ," ಅಂದ. ನಾನು ಎಲ್ಲ ಪಕ್ಷಗಳನ್ನೂ ಒಟ್ಟಿಗೆ ಬೈದು ತಪ್ಪಿಸಿಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ. ಒಂದು ಕಟ್ಟು ನುಗ್ಗೆಸೊಪ್ಪು ಮುಗಿಯುವವರೆಗೂ ಎಲೆಯ ಜೊತೆ ನನ್ನನ್ನೂ ಬಿಡಿಸಿಟ್ಟ. ಅಂದಿನಿಂದ ಚುನಾವಣೆ ಬಂದರೆ ಅವನೇ ನನ್ನನ್ನೂ ಅಮ್ಮನನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ, ಶಾಲೆಯ ಗೇಟಿನ ಹೊರಗೆ ನಮ್ಮಿಬ್ಬರ ಬ್ಯಾಗು ಹಿಡಿದು ನಿಲ್ಲುತ್ತಾನೆ. ಹೊರಗೆ ಬಂದ ಕೂಡಲೇ ಬೆರಳ ಶಾಯಿ ತೋರಿಸಬೇಕು. ಅಮ್ಮ ಯಾರಿಗೆ ಓಟು ಹಾಕಿದಳೆಂದು ನನಗೆ ಇವತ್ತಿಗೂ ಹೇಳಿಲ್ಲ. ಅವನಿಗೆ ಹೇಳಿದ್ದಾಳೆ.

ಇನ್ನು ಬಣ್ಣ. ಈ ವಿಷಯದಲ್ಲಿ ನಾನು ಬಹಳ ಜಾಣೆ ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಕಾಳು ಹಿತುಕುತ್ತ ಕೂತಿದ್ದಾಗ ನನಗೊಂದು ಉಪದೇಶ ಹೊಳೆಯಿತು. ಒಂದು ಕಾಳನ್ನು ಎತ್ತಿ ಹಿಡಿದು, "ನೋಡು, ಸಿಪ್ಪೆ ಯಾವ ಬಣ್ಣ ಇದ್ರೇನು, ತೆಗೆದ್ರೆ ಒಳಗೆ ಎಲ್ಲಾ ಒಂದೇ," ಅಂದೆ. ಕೀರ್ತನೆ ಮುಗಿಸಿದ ದಾಸರ ಹಾಗೆ ಅವನ ಮುಖ ನೋಡಿದೆ.

ಅವನು ಕೈಯಲ್ಲಿದ್ದ ಕಾಳು ಹಿತುಕಲಿಲ್ಲ. "ನನ್ನ ಸಿಪ್ಪೆ ತೆಗೀಬೇಡ. ನಂಗೆ ಅದು ಬೇಕು," ಅಂದ.

ಕನ್ನಡದಲ್ಲಿ ಅಂದ! ಅದುವರೆಗೆ ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಲ್ಲಿ ಬರೆದ ಅವನ ಮಾತುಗಳನ್ನು ಕನ್ನಡಕ್ಕೆ ತಂದವಳು ನಾನೇ. ಅವನಿಗೆ ಬರುವ ಕನ್ನಡವೆಂದರೆ "ಊಟ ಆಯ್ತಾ", "ಚಿಲ್ಲರೆ ಇಲ್ಲ" ಅಷ್ಟೇ ಎಂದು ನಂಬಿದ್ದೆ. ನಾನು ಪ್ರೆಸ್ಸಿಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿರುವುದು ಇಂಗ್ಲಿಷ್ ಬಾರದ ಅಮ್ಮ, ಅರ್ಧ ದಿನ ಕಾಲೇಜಿರುವ ಅವನು. ಬಾಗಿಲಿಗೆ ಬರುವವಳು ಸೊಪ್ಪಿನ ಗೌರಮ್ಮ. ಇವರು ಮೂರು ಜನ ಸೇರಿ ಏನು ಮಾಡುತ್ತಿರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

"ಎಷ್ಟು ದಿನದಿಂದ?" ಅಂದೆ.

"ಮಾತಾಡೋಕೆ ಈಗ. ಅರ್ಥ ಆಗೋಕೆ ಶುರುವಾಗಿ ಎರಡು ವರ್ಷ ಆಯ್ತು." ಒಂದು ಕಾಳು ಹಿತುಕಿದ. "ಪದ್ದು, ಒಂದು ಲೆಕ್ಕ ಕೇಳ್ತೀನಿ. ಮದುವೆ ಆದಾಗ ಬಸವನಗುಡೀಲಿ ಎಷ್ಟು ಮನೆ ನೋಡಿದ್ವಿ?"

"ಆರು."

"ಆರು ಮನೇಲೂ ನೀರಿನ ತೊಂದರೆ ಇತ್ತು ಅಂದೆ ನೀನು."

ನಾನು ಪಾತ್ರೆಯಲ್ಲಿ ಇನ್ನೊಂದು ಕಾಳು ಹುಡುಕತೊಡಗಿದೆ.

"ಮುಂದೆ ತೋಟ, ಹಿಂದೆ ಬಾವಿ. ಒಬ್ರು ಗೇಟಲ್ಲಿ ಪೈಪ್ ಹಿಡ್ಕೊಂಡು ಕಾರು ತೊಳೀತಿದ್ರು. ಅವರೂ ನೀರಿಲ್ಲ ಅಂದ್ರು ಅಂದೆ. ನಾನು ಗಣಿತದ ಮೇಷ್ಟ್ರು ಕಣೇ."

ಈಗ ಬರೆಯುವಾಗ ನಗು ಬರುತ್ತದೆ. ಆವತ್ತು ಬರಲಿಲ್ಲ. ಆ ಆರು ಮನೆಗಳ ಗೇಟಿನಲ್ಲಿ ನಡೆದದ್ದು ಏನೆಂದು ನಿಮಗೂ ಗೊತ್ತಾಗಿರುತ್ತದೆ. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕನ್ನಡದಲ್ಲಿ, "ನೀವು ನಮ್ಮೋರ ಥರ ಕಾಣ್ತೀರ, ಇದ್ಯಾಕಮ್ಮ ಹೀಗೆ," ಅಂದಿದ್ದರು. ಇನ್ನೊಬ್ಬರು, "ಬೀದಿ ಮಕ್ಕಳು ಹೆದರ್ಕೋತವೆ," ಅಂದಿದ್ದರು. ಒಬ್ಬರು ಏನೂ ಅನ್ನದೆ ಬರೀ ಬಾಗಿಲು ಹಾಕಿಕೊಂಡರು. ಅದನ್ನೂ ನಾನು ನೀರಿಗೇ ಸೇರಿಸಿದೆ. ಕೊನೆಗೆ ಚಾಮರಾಜಪೇಟೆಯಲ್ಲಿ ನಮಗೆ ಮಹಡಿ ಮನೆ ಕೊಟ್ಟ ನಂಜಪ್ಪನವರು ರಿಟೈರಾದ ಬಸ್ ಕಂಡಕ್ಟರು. ಅವರು ಕೇಳಿದ್ದು, "ಎಷ್ಟು ಜನ? ಮೂರಾ? ಬನ್ನಿ, ಜಾಗ ಇದೆ," ಅಷ್ಟೇ. ಅದೊಂದೇ ಮಾತನ್ನು ನಾನು ಇದ್ದ ಹಾಗೆ ಅವನಿಗೆ ಹೇಳಿದ್ದು.

"ನಿನಗೆ ನೋವಾಗಬಾರದು ಅಂತ," ಅಂದೆ.

"ನೋವು ಆಗಿತ್ತು. ಮುಖ ಓದೋಕೆ ಕನ್ನಡ ಬೇಕಾಗಿರ್ಲಿಲ್ಲ." ಆಮೇಲೆ ಅವನು ಇಂಗ್ಲಿಷಿಗೆ ಹೊರಳಿದ. ಕಷ್ಟದ ಮಾತಿಗೆ ಕನ್ನಡ ಸಾಲಲಿಲ್ಲವೋ, ಸಿಟ್ಟಿಗೆ ಸಾಲಲಿಲ್ಲವೋ. "ಅವರು ಹಾಗಂದದ್ದು ಅವರ ಪಾಡು. ಆದ್ರೆ ಮನೆಗೆ ಬಂದ ಮೇಲೆ ನೀನು ನೀರಿನ ಕಥೆ ಹೇಳ್ತಾ ಇದ್ದೆ. ನಾನು ಅದನ್ನ ನಂಬಿದ ಹಾಗೆ ನಟಿಸ್ತಾ ಇದ್ದೆ. ನಾವಿಬ್ರೂ ಒಟ್ಟಿಗೆ ಕೂತು ಅವರನ್ನ ಬೈಬೋದಾಗಿತ್ತು. ಅವತ್ತು ನಾನು ಒಬ್ನೇ ಆಗ್ಬಿಟ್ಟೆ, ಪದ್ದು."

ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಅವರೆಯ ಲೋಳೆ. ಅವನ ತೋಳಿಗೇ ಮುಖ ಒರೆಸಿದೆ. ನನ್ನ ಕಸುಬೇ ನನ್ನನ್ನು ಹಾಳು ಮಾಡಿತ್ತು. ಯಾರು ಏನೇ ಒರಟಾಗಿ ಅಂದರೂ ಅದನ್ನು ತಿದ್ದಿ, ಅಂಚು ಕತ್ತರಿಸಿ, ಸ್ವಚ್ಛ ಪ್ರತಿ ಮಾಡಿ ಗಂಡನಿಗೆ ಒಪ್ಪಿಸುತ್ತಿದ್ದೆ. ಆಟೋದವರು, ನೆಂಟರು, ಕ್ಷೌರದ ಅಂಗಡಿಯವರು, ಯಾರ ಮಾತನ್ನೂ ಬಿಟ್ಟಿರಲಿಲ್ಲ. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮಾತು ಕೊಟ್ಟವಳು ಅತಿ ಮಾಡಿದೆ ಎಂದು ಬೇರೆ ಹೇಳಬೇಕೇ? ಮೂರೇ ದಿನದಲ್ಲಿ, ಅವನ ಹೊಟ್ಟೆ ಮುಂದೆ ಬಂದಿದೆ ಅಂತ ಟೈಲರ್ ಅಂದದ್ದು, ಅವನು ಹಾಡಿದರೆ ಬೀದಿ ನಾಯಿ ಓಡುತ್ತದೆ ಅಂತ ಗೌರಮ್ಮ ಅಂದದ್ದು, ಸಾರು ಆರುವ ಬಗ್ಗೆ ಅಮ್ಮ ಅಂದದ್ದು, ಎಲ್ಲವನ್ನೂ ಚಾಚೂ ತಪ್ಪದೆ ವರದಿ ಒಪ್ಪಿಸಿದೆ.

"ಸಾರಿನ ವಿಷಯ ಗೊತ್ತಿತ್ತು. ಹೊಟ್ಟೆ ವಿಷಯ ಬೇಕಾಗಿರ್ಲಿಲ್ಲ," ಅಂದ. ಪ್ರಾರ್ಥನೆ ಮಾತ್ರ ಅರ್ಧಕ್ಕೆ ಇಳಿಯಿತು. ಅಮ್ಮ ತನ್ನ ಮಂಡಿಯನ್ನು ಬಿಡಬೇಡ ಎಂದು ಕೇಳಿಕೊಂಡಳು.

ಆದರೆ ಮುಳುಗುವಾಗ ಒಬ್ಬಳೇ ಮುಳುಗಬಾರದೆಂದು, ಮುಂದಿನ ಸಲ ಕಾಳಿನ ಮುಂದೆ ಕೂತಾಗ ನಾನೂ ಒಂದು ಪ್ರಶ್ನೆ ಕೇಳಿದೆ. ವಾರಕ್ಕೊಮ್ಮೆ ಕುಮಾಸಿಯಿಂದ ಅವನ ಅಕ್ಕ ಅಬೆನಾ ಫೋನ್ ಮಾಡುತ್ತಾಳೆ. ಅಬೆನಾ ಅಂದರೆ ಮಂಗಳವಾರ ಹುಟ್ಟಿದವಳು. ಇದನ್ನು ದೊಡ್ಡಮ್ಮನಿಗೆ ಹೇಳುವ ತಪ್ಪು ಮಾಡಲಿಲ್ಲ. ಅವರ ಟ್ವಿ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿ ಅವನು ಪ್ರತಿ ಸಲ, "ಅಕ್ಕ ನಿನಗೆ ಪ್ರೀತಿಯ ನಮಸ್ಕಾರ ಹೇಳಿದಳು," ಅನ್ನುತ್ತಾನೆ. ಅರ್ಧ ಗಂಟೆಗೆ ಒಂದೇ ನಮಸ್ಕಾರವೇ? ಕೇಳಿಯೇಬಿಟ್ಟೆ.

ಕ್ವಾಮೆ ಕೈಯಲ್ಲಿದ್ದ ಕಾಳನ್ನು ಪಾತ್ರೆಗೆ ವಾಪಸ್ ಹಾಕಿದ. ಅವನೂ ಕರಡು ತಿದ್ದುವವನೇ, ನನಗಿಂತ ಹಳಬ!

"ನೀನು ಕಡ್ಡಿ ಥರ ಇದೀಯ ಅಂತಾಳೆ. ಫುಫು ಅಂತ ನಮ್ಮೂರ ಮುದ್ದೆ ಇದ್ಯಲ್ಲ, ಅದನ್ನ ಕುಟ್ಟೋಕೆ ಒನಕೆ ಎತ್ತೋಕಾಗತ್ತಾ ಅಂತಾಳೆ."

"ಅಷ್ಟೇನಾ?"

"ಇನ್ನೊಂದು ಇದೆ. 'ಆ ದೇಶದಲ್ಲಿ ಮನುಷ್ಯರು ತಮ್ಮ ಮನುಷ್ಯರನ್ನೇ ಮುಟ್ಟಲ್ವಂತೆ. ನಿನ್ನನ್ನ ಹೇಗೆ ಮುಟ್ಟಿಸ್ಕೊಂಡಾರು?' ಅಂತ ಕೇಳ್ತಾಳೆ. ಮದುವೆ ದಿನದಿಂದ ಕೇಳ್ತಿದಾಳೆ. ನಂಗೆ ಉತ್ತರ ಗೊತ್ತಿಲ್ಲ."

ಅದೆಲ್ಲ ಹಳೇ ಕಾಲದ್ದು ಎನ್ನಲು ಬಾಯಿ ತೆರೆದೆ. ಮಲ್ಲೇಶ್ವರದ ಮನೆಯ ಹಿತ್ತಿಲು ನೆನಪಾಯಿತು. ನನಗಾಗ ಏಳೋ ಎಂಟೋ ವರ್ಷ. ರೈಲ್ವೆ ಹಳಿಯಾಚೆ ಶ್ರೀರಾಂಪುರದಿಂದ ಒಬ್ಬಾಕೆ ಮೋರಿ ತೊಳೆಯಲು ಬರುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೂಡಿನಲ್ಲಿ ಅವಳದೊಂದು ಅಲ್ಯೂಮಿನಿಯಂ ಲೋಟ. ಅದನ್ನು ಅವಳೇ ತೊಳೆದು ಕೆಳಗಿಡಬೇಕು, ನಾನು ಮೇಲಿನಿಂದ ಕಾಫಿ ಸುರಿಯಬೇಕು. ಒಂದು ಹನಿ ಚೆಲ್ಲದೆ, ಲೋಟಕ್ಕೆ ಸೋಕದೆ ಸುರಿಯುತ್ತೇನೆಂದು ನನಗೆ ಬಹಳ ಜಂಬವಿತ್ತು. ಎತ್ತರದಿಂದ ಸುರಿದು ನೊರೆ ಬರಿಸಿ ತೋರಿಸುತ್ತಿದ್ದೆ. ಇದನ್ನು ತಿದ್ದದೆ ಕ್ವಾಮೆಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಬಹಳ.

ಅವನು ಬೈಯಲಿಲ್ಲ. "ಅವಳ ಹೆಸರೇನು?" ಅಂದ.

ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಅವಳಿಗೆ ಕಾಫಿ ಸುರಿದಿದ್ದೇನೆ, ಹೆಸರು ಗೊತ್ತಿಲ್ಲ. ಒಳಗೆ ಮಲಗಿದ್ದ ಅಮ್ಮನನ್ನು ಕೂಗಿ ಕೇಳಿದೆ.

"ಮುನಿಯಮ್ಮ ಕಣೇ. ಸಕ್ಕರೆ ಜಾಸ್ತಿ ಕೇಳೋಳು. ಯಾಕೆ?" ಅಂದಳು ಅಮ್ಮ.

ಯಾಕೆಂದು ಹೇಳಿದೆ. ಅಮ್ಮ ಎದ್ದು ಬಂದು ನಮ್ಮ ಜೊತೆ ಕೂತು ಕಾಳು ಹಿತುಕತೊಡಗಿದಳು. ಆವತ್ತು ಪಾತ್ರೆ ಖಾಲಿಯಾಗುವ ತನಕ ಮೂವರಲ್ಲಿ ಯಾರೂ ಏಳಲಿಲ್ಲ. ಮುಂದಿನ ವಾರ ಅಬೆನಾ ಫೋನ್ ಮಾಡಿದಾಗ ಅವಳ ಪ್ರಶ್ನೆಗೆ ಕ್ವಾಮೆ ಮುನಿಯಮ್ಮನ ವಿಷಯ ಹೇಳಿದನಂತೆ. ಅವಳು, "ಸತ್ಯ ಹೇಳೋ ಹುಡುಗಿ, ಪರವಾಗಿಲ್ಲ," ಅಂದಳಂತೆ. ಆದರೂ ಕಡ್ಡಿ ಅನ್ನುವುದನ್ನು ಬಿಡಲಿಲ್ಲ. ನಾನೂ ಅವಳೊಡನೆ ಫೋನಿನಲ್ಲಿ ಮಾತಾಡುವ ಧೈರ್ಯ ಮಾಡಲಿಲ್ಲ.

ಈಗ ಹೋದ ಭಾನುವಾರಕ್ಕೆ ಬರುತ್ತೇನೆ. ಅಮ್ಮನಿಗೆ ಎಪ್ಪತ್ತೈದು ತುಂಬಿತು. ನನಗೇನೂ ಬೇಡ, ಅಕ್ಕ ಒಂದು ಸಲ ಈ ಮನೆಗೆ ಬಂದರೆ ಸಾಕು ಅಂದಿದ್ದಳು. ಯಾರು ಏನು ಹೇಳಿ ಒಪ್ಪಿಸಿದರೋ, ಭಾನುವಾರ ಹನ್ನೆರಡು ಗಂಟೆಗೆ ದೊಡ್ಡಮ್ಮ ಆಟೋದಲ್ಲಿ ಬಂದಿಳಿದರು. ಎಂಬತ್ತರ ಮೇಲಿನ ವಯಸ್ಸು, ಗಂಜಿ ಹಾಕಿದ ಸೀರೆ, ಬೆನ್ನು ಇನ್ನೂ ಸ್ಕೇಲಿನಷ್ಟು ನೆಟ್ಟಗೆ. ಕ್ವಾಮೆ ಕೆಳಗೆ ಹೋಗಿ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಅವರು ಕೈ ಕೊಟ್ಟರು. ಮುಖ ಕೊಟ್ಟು ಮಾತಾಡಲಿಲ್ಲ. ಕುರ್ಚಿಯಲ್ಲಿ ಕೂತು ಮನೆಯನ್ನೆಲ್ಲ ಇನ್ಸ್‌ಪೆಕ್ಷನ್ ಮಾಡಿದರು. ದೇವರ ಗೂಡು, ಅದರ ಎದುರು ಗೋಡೆಯ ಶಿಲುಬೆ, ನೆಲದ ಮೇಲೆ ಹರಡಿದ್ದ ಸಿಪ್ಪೆ, ಮಜ್ಜಿಗೆ ಲೋಟ ತಂದಿಟ್ಟ ಅವನ ಕೈ. ಮಜ್ಜಿಗೆ ಕುಡಿದರು. ಆಮೇಲೆ ಅಮ್ಮನ ಕಡೆ ತಿರುಗಿ ಕನ್ನಡದಲ್ಲಿ, ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ, ಅಂದರು:

"ಹುಡುಗ ಒಳ್ಳೆಯವನ ಥರಾನೇ ಕಾಣ್ತಾನೆ. ಆದ್ರೆ ಈ ಬಣ್ಣ ಇಟ್ಕೊಂಡು, ನಮ್ಮೋನು ಅಂತ ನಾಲ್ಕು ಜನರ ಮುಂದೆ ಹೇಗೆ ಹೇಳ್ಕೊಳ್ಳೋದು ಕಣೇ?"

ಅಮ್ಮನ ಮುಖ ಬಿಳಿಚಿತು. ಕ್ವಾಮೆ ನನ್ನ ಕಡೆ ತಿರುಗಿದ. ಮುಖದಲ್ಲಿ ಏನೂ ಇಲ್ಲ. ಶುದ್ಧ ಇಂಗ್ಲಿಷಿನಲ್ಲಿ, "ದೊಡ್ಡಮ್ಮ ಏನಂದ್ರು?" ಎಂದು ಕೇಳಿದ.

ನನ್ನ ಅವಸ್ಥೆ ನೋಡಿ. ಕೇಳುವವನಿಗೆ ಕನ್ನಡ ಗೊತ್ತು, ಒಂದಕ್ಷರ ತಿದ್ದಿದರೂ ಹಿಡಿಯುತ್ತಾನೆ. ಆಡಿದವರು ಮೂವತ್ತು ವರ್ಷದ ಇಂಗ್ಲಿಷ್ ಮೇಡಂ, ನಾನು ಏನು ಹೇಳಿದರೂ ಅವರ ಕಿವಿಗೆ ಬೀಳುತ್ತದೆ. ಇವನಿಗೆ ಕನ್ನಡ ಬರುತ್ತದೆಂದು ಅವರಿಗೆ ಗೊತ್ತಿಲ್ಲ. ಏನೋ ಒಂದು ಒಳ್ಳೆಯದು ಹೇಳು ಎನ್ನುವಂತೆ ಅಮ್ಮ ಕಣ್ಣಲ್ಲೇ ಬೇಡುತ್ತಿದ್ದಾಳೆ, ಅವಳ ಹುಟ್ಟುಹಬ್ಬ. ಒಂಬತ್ತು ವರ್ಷಕ್ಕೆ ಬಂದ ಅಕ್ಕ ಎದ್ದು ಹೋದರೆ ಇನ್ನೆಂದು ಬರುವರೋ. 'ನಿನ್ನ ಮಜ್ಜಿಗೆ ಚೆನ್ನಾಗಿತ್ತು ಅಂದ್ರು' ಅನ್ನುವ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು, ಸ್ವಚ್ಛ ಪ್ರತಿ ಸಿದ್ಧವಿತ್ತು. ಆ ಗೇಟುಗಳ ಮುಂದೆ ಅವನೊಬ್ಬನೇ ನಿಂತದ್ದು ನೆನಪಾಯಿತು. ಇಂಗ್ಲಿಷಿನಲ್ಲಿ, ಮಾತಿಗೆ ಮಾತು, ಬಣ್ಣವನ್ನೂ ಬಿಡದೆ ಹೇಳಿಬಿಟ್ಟೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: "ನಂಗೆ ಕೇಳಿ ಸಿಟ್ಟು ಬಂತು."

ದೊಡ್ಡಮ್ಮ ಹೌಹಾರಿದರು. "ಹಾಗೇ ಹೇಳ್ಬಿಟ್ಯಲ್ಲೇ!"

"ಹೂಂ ದೊಡ್ಡಮ್ಮ. ಹಾಗೇ ಹೇಳ್ದೆ."

ಕ್ವಾಮೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಅವನು ದೊಡ್ಡಮ್ಮನ ಎದುರು ನೆಲದ ಮೇಲೆ ಕೂತ. ಕೂತರೂ ಅವರ ಎತ್ತರಕ್ಕೇ ಬರುತ್ತಾನೆ. "ಕಷ್ಟ ನಂಗೂ ಗೊತ್ತು ದೊಡ್ಡಮ್ಮ," ಎಂದ, ಕನ್ನಡದಲ್ಲಿ. "ನಮ್ಮಕ್ಕಾನೂ ಒಂಬತ್ತು ವರ್ಷದಿಂದ ನಿಮ್ಮ ಥರಾನೇ ಒದ್ದಾಡ್ತಿದಾಳೆ. ಇವಳನ್ನ ನಮ್ಮೋಳು ಅಂತ ಚರ್ಚಲ್ಲಿ ಹೇಗೆ ಹೇಳೋದು ಅಂತ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. ಎಲ್ಲ ಅರ್ಥವಾಗಿ ಕೂತಿದ್ದಾನೆಂಬ ನಾಚಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು ಕಡೆ ಎದ್ದಿತ್ತು.

"ಏನು? ನಮ್ಮ ಪದ್ದೂನ ಹೇಳ್ಕೊಳ್ಳೋಕೆ ಅವರಿಗೆ ಕಷ್ಟಾನಾ? ಏನಾಗಿದೆ ಇವಳಿಗೆ? ಹಾಕು ಫೋನು!"

ಹಾಕಿದ. ಅಲ್ಲಿ ಆಗ ಬೆಳಗಿನ ಹೊತ್ತು, ಅಬೆನಾ ಚರ್ಚಿಗೆ ಹೊರಟು ತಲೆಗೆ ದೊಡ್ಡದೊಂದು ಹಳದಿ ವಸ್ತ್ರ ಸುತ್ತಿದ್ದಳು. ವೀಡಿಯೋದಲ್ಲಿ ಇಬ್ಬರು ಅಕ್ಕಂದಿರೂ ಒಬ್ಬರನ್ನೊಬ್ಬರು ತಲೆಯಿಂದ ಕತ್ತಿನವರೆಗೆ ಅಳೆದರು. ಅಬೆನಾ ಟ್ವಿಯಲ್ಲಿ ಏನೋ ಉದ್ದವಾಗಿ ಹೇಳಿದಳು. ಕ್ವಾಮೆ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಇದ್ದ ಹಾಗೆ ಹೇಳಿದ: "ನಿಮ್ಮ ಹುಡುಗಿ ಕಡ್ಡಿ ಥರ ಇದಾಳೆ, ನನ್ನ ಜೊತೆ ಒಂದು ಮಾತಾಡಿಲ್ಲ, ಅಹಂಕಾರಾನಾ ಅಂತ ಕೇಳ್ತಿದಾಳೆ."

"ಕಡ್ಡಿ ಅನ್ನೋದು ನಿಜ," ಎಂದು ದೊಡ್ಡಮ್ಮ ತಕ್ಷಣ ಒಪ್ಪಿದರು, ತಮ್ಮ ಹೆಡ್‌ಮಿಸ್ ಇಂಗ್ಲಿಷಿನಲ್ಲಿ. "ಚಿಕ್ಕಂದಿನಿಂದ ಸರಿಯಾಗಿ ತಿನ್ನಲ್ಲ. ಆದ್ರೆ ಅಹಂಕಾರ ಅಲ್ಲಮ್ಮ, ಪುಕ್ಕಲು. ಪುಕ್ಕಲು ಅಂತ ನಾನು ಸ್ಕೂಲಿನಲ್ಲೇ ಹೇಳಿದ್ದೆ."

ಅಬೆನಾ ನಕ್ಕಳು. ಅವಳ ನಗುವೂ ತಮ್ಮನದೇ. ಕೆಳಗಿನ ಮನೆಯಿಂದ ನಂಜಪ್ಪನವರು ಏನೆಂದು ಕೇಳಿದರು. ಆಮೇಲೆ ಅವರಿಬ್ಬರೂ ನನ್ನ ತೂಕ, ನನ್ನ ಕೂದಲು, ನಾನು ಫೋನ್ ಮಾಡದಿರುವುದು, ಎಲ್ಲದರ ಬಗ್ಗೆ ಹತ್ತು ನಿಮಿಷ ಪರಮ ಸಂತೋಷದಿಂದ ಮಾತಾಡಿದರು. ಅಮ್ಮ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಕೊನೆಯಲ್ಲಿ ಅಬೆನಾ ಸ್ವಲ್ಪ ಗಂಭೀರವಾಗಿ, ಇಂಗ್ಲಿಷಿನಲ್ಲೇ ಕೇಳಿದಳು: "ಅಮ್ಮಾ, ಅದು ಮಾಂಸ ಬೇಯಿಸದ ಮನೆ ಅಂತ ಕೇಳಿದೀನಿ. ನನ್ನ ತಮ್ಮನಿಗೆ ಹೊಟ್ಟೆ ತುಂಬ ಹಾಕ್ತೀರಾ?"

ದೊಡ್ಡಮ್ಮನ ಬೆನ್ನು ಇನ್ನೂ ನೆಟ್ಟಗಾಯಿತು. ಫೋನನ್ನು ಕ್ವಾಮೆಯ ಕೈಯಿಂದ ಕಿತ್ತುಕೊಂಡು, ಇಡೀ ಕ್ರಾಸಿಗೆ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಗುಡುಗಿದರು. ಗುಡುಗಿ, ತಾವು ಏನಂದೆವೆಂದು ಗಮನಿಸದೆ, ಹಿತಕಿದ ಬೇಳೆಯ ಸಾರು ಮಾಡುವ ಬಗೆಯನ್ನು ಅವಳಿಗೆ ವಿವರಿಸತೊಡಗಿದರು.

ಕ್ವಾಮೆ ನನ್ನ ಪಕ್ಕಕ್ಕೆ ಸರಿದು ಕೂತ. ಚಿಕ್ಕಂದಿನಿಂದ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಪಾಠ ಹೇಳುವವನು ನನ್ನ ಕಿವಿಯಲ್ಲಿ ಕನ್ನಡದಲ್ಲಿ ಕೇಳಿದ:

"ಏನಂದ್ರು ದೊಡ್ಡಮ್ಮ?"

"'ನಮ್ಮ ಹುಡುಗ ಇಲ್ಲೇನು ಉಪವಾಸ ಇದಾನಾ?' ಅಂದ್ರು."

"ಇನ್ನೊಂದ್ಸಲ ಹೇಳು," ಅಂದ.

ಹೇಳಿದೆ.